ಕೆಮ್ಮಿದರೂ ಮೂತ್ರ ಸೋರುತ್ತದೆ, ಬಚ್ಚಲು ಮುಟ್ಟುವುದರೊಳಗೂ ಸೋರುತ್ತದೆ: ಅಮ್ಮನಿಗೆ ಏನು ಮಾಡಿಸಬೇಕು?

ತೀರ್ಥಹಳ್ಳಿ ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದನ್ನು ಯಾರ ಹತ್ತಿರ ಕೇಳಬೇಕೋ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ನಾನಿರುವುದು ಶಿವಮೊಗ್ಗದಲ್ಲಿ. ಅಪ್ಪ ಅಮ್ಮ ತೀರ್ಥಹಳ್ಳಿ ಹತ್ತಿರ, ತೋಟದ ಮನೆ. ಅಮ್ಮನಿಗೆ 61 ವರ್ಷ. ಮೂರು ಹೆರಿಗೆ, ಮೂರೂ ನಾರ್ಮಲ್. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಂಡಿ ನೋವಿದೆ.

ಅಡಿಕೆ ಗೊನೆ ಕೊಯ್ಲು ಶುರುವಾಯಿತು ಅಂತ ಸುಲಿತಕ್ಕೆ ಕೈಜೋಡಿಸಲು ಊರಿಗೆ ಹೋಗಿದ್ದೆ. ಬಚ್ಚಲ ಒಲೆಯ ಮೇಲೆ ಕಟ್ಟಿದ ದಾರದಲ್ಲಿ ಹಳೇ ಕಾಟನ್ ಸೀರೆ ಹರಿದು ಮಡಚಿದ ಬಟ್ಟೆಗಳು ಸಾಲಾಗಿ ಒಣಗುತ್ತಿದ್ದವು. ಅಮ್ಮನಿಗೆ ಮುಟ್ಟು ನಿಂತು ಎಷ್ಟೋ ವರ್ಷವಾಗಿದೆ. ಇದೇನಮ್ಮಾ ಎಂದರೆ ಮಾತು ತೇಲಿಸಿದರು. ರಾತ್ರಿ ಪಕ್ಕದಲ್ಲಿ ಮಲಗಿ ಮತ್ತೆ ಕೇಳಿದ ಮೇಲೆ ಬಾಯಿ ಬಿಟ್ಟರು. ಕೆಮ್ಮಿದರೆ, ಸೀನಿದರೆ ಹನಿ ಬೀಳುತ್ತದಂತೆ. ಅಡಿಕೆ ಬುಟ್ಟಿ ಎತ್ತಿದರೂ ಅಷ್ಟೇ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತಿರುವಷ್ಟು ಹೊತ್ತು ಏನೂ ಇಲ್ಲ. ಏಳುತ್ತಿದ್ದ ಹಾಗೆ ಒಮ್ಮೆಲೇ ಅವಸರ, ಬಚ್ಚಲು ಮುಟ್ಟುವುದರೊಳಗೆ ಸೀರೆ ಒದ್ದೆ. ರಾತ್ರಿ ಪದೇ ಪದೇ ಏಳುತ್ತಾರೆ. ನಮ್ಮಲ್ಲಿ ಬಚ್ಚಲು, ಕಕ್ಕಸು ಎರಡೂ ಹಿತ್ತಿಲ ಕಡೆ, ಅಂಗಳ ದಾಟಿ ಹೋಗಬೇಕು. ಆ ಕತ್ತಲಲ್ಲಿ ಪಾಚಿ ಕಟ್ಟಿದ ಮೆಟ್ಟಿಲು ಇಳಿಯುತ್ತಾರೆ ಎಂದು ನೆನೆದರೇ ನನಗೆ ಭಯ.

ಮದುವೆ, ಉಪನಯನ ಎಲ್ಲ ಬಿಟ್ಟಿದ್ದಾರೆ. ಶಿವಮೊಗ್ಗಕ್ಕೆ ಬನ್ನಿ ಎಂದರೆ ಬಸ್ಸಿನಲ್ಲಿ ಕೂರಲು ಹೆದರಿಕೆ. ಎಲ್ಲಿಗಾದರೂ ಹೋಗಲೇಬೇಕು ಎಂದರೆ ಹಿಂದಿನ ದಿನದಿಂದಲೇ ನೀರು ಬಿಡುತ್ತಾರೆ. “ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ, ನಿನ್ನ ಅಜ್ಜಿಗೂ ಇತ್ತು” ಅನ್ನುತ್ತಾರೆ. ನಿಜವಾಗಲೂ ವಯಸ್ಸಿಂದಾನಾ? ಯಾವ ಡಾಕ್ಟರಿಗೆ ತೋರಿಸಬೇಕು? ಆಪರೇಷನ್ ಆಗಬೇಕಾ?

ಅಡಿಕೆ ಚಪ್ಪರ:

ನಮ್ಮ ಅತ್ತೆಗೂ ಹೀಗೇ ಇತ್ತು. ಉಷ್ಣ ಜಾಸ್ತಿಯಾಗಿದೆ ಅಂತ ಬಾರ್ಲಿ ನೀರು, ಎಳನೀರು ಕೊಟ್ಟೆವು. ನೀರು ಕಡಿಮೆ ಮಾಡಿದರೆ ಸ್ವಲ್ಪ ತಡೆಯುತ್ತದೆ. ದೊಡ್ಡವರ ಡಯಾಪರ್ ಮೆಡಿಕಲ್‌ನಲ್ಲಿ ಸಿಗುತ್ತದೆ. ಅತ್ತೆ ಅದನ್ನು ಹಾಕಿಕೊಂಡು ಧರ್ಮಸ್ಥಳಕ್ಕೂ ಹೋಗಿ ಬಂದರು. ಸಂಕೋಚ ಬೇಡ ಅಂತ ಅಮ್ಮನಿಗೆ ಹೇಳಿ.

ಸಾಗರದ ಸಿಸ್ಟರ್:

ಮಗಳೇ, ಕೇಳಿದ್ದು ಒಳ್ಳೆಯದಾಯಿತು. ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು. ಹೆರಿಗೆ ವಾರ್ಡಿನಲ್ಲೇ ಜಾಸ್ತಿ ಕೆಲಸ ಮಾಡಿದ್ದು. ನನಗೂ ಎರಡನೇ ಮಗುವಾದ ಮೇಲೆ ಈ ತೊಂದರೆ ಇತ್ತು. ರೋಗಿಯನ್ನು ಎತ್ತಿ ಕೂರಿಸುವಾಗ ಯೂನಿಫಾರಂ ಒದ್ದೆಯಾಗುತ್ತಿತ್ತು. ಆಗ ನನಗೆ ಮೂವತ್ತೂ ಆಗಿರಲಿಲ್ಲ. ಹಾಗಾಗಿ ವಯಸ್ಸಿನದ್ದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ವಯಸ್ಸಾದಂತೆ ಜಾಸ್ತಿಯಾಗುವುದು ನಿಜ. ಆದರೆ ವಯಸ್ಸಾಯಿತು ಅಂತ ಸುಮ್ನೆ ಕೂತರೆ ಸರಿಮಾಡಬಹುದಾದದ್ದೂ ಹಾಗೇ ಉಳಿಯುತ್ತದೆ.

ಸೋರುವುದು ಒಂದೇ ಕಾಯಿಲೆ ಅಲ್ಲ. ಎಷ್ಟು ಸೋರಿತು ಅನ್ನುವುದಕ್ಕಿಂತ ಯಾವಾಗ ಸೋರಿತು ಅನ್ನುವುದು ಮುಖ್ಯ. ಕೆಮ್ಮು, ಸೀನು, ನಗು, ಭಾರ ಎತ್ತುವುದು, ಇವುಗಳ ಜೊತೆಗೇ ಹನಿ ಬಿದ್ದರೆ ಅದು ತಳದ ಸ್ನಾಯು ಸಡಿಲವಾಗಿರುವುದರಿಂದ. ಮುಂದಿನ ಎಲುಬಿನಿಂದ ಹಿಂದಿನ ಬಾಲದೆಲುಬಿನವರೆಗೆ ಜೋಲಿ ಕಟ್ಟಿದ ಹಾಗೆ ಒಂದು ಸ್ನಾಯು ಇದೆ. ಮೂತ್ರಕೋಶ, ಗರ್ಭಕೋಶ, ಮಲಾಶಯ ಮೂರಕ್ಕೂ ಅದೇ ಆಸರೆ. ಹೆರಿಗೆಯಲ್ಲಿ ಅದು ಹಿಗ್ಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನು ಕಡಿಮೆಯಾಗಿ ಆ ಜಾಗದ ಚರ್ಮ ತೆಳುವಾಗುತ್ತದೆ. ಸಿಸೇರಿಯನ್ ಆದವರಿಗೂ ಬರಬಹುದು. ಬಸಿರಿನ ಭಾರವೂ ಅದರ ಮೇಲೇ ಬಿದ್ದಿರುತ್ತದೆ ಅಲ್ವಾ.

ಎದ್ದ ತಕ್ಷಣ ಒಮ್ಮೆಲೇ ಅವಸರ ಬಂದು, ಹೋಗುವುದರೊಳಗೆ ಆಗಿಬಿಡುವುದು ಬೇರೆ. ಅದರಲ್ಲಿ ಮೂತ್ರಕೋಶ ತುಂಬುವ ಮೊದಲೇ ತಾನಾಗಿ ಹಿಂಡಿಕೊಳ್ಳುತ್ತದೆ. ನಿಮ್ಮ ಅಮ್ಮನಿಗೆ ಎರಡೂ ಇರುವ ಹಾಗೆ ಕಾಣುತ್ತದೆ. ಅವರ ವಯಸ್ಸಿನವರಲ್ಲಿ ಎರಡೂ ಸೇರಿರುವುದನ್ನು ಎಷ್ಟೋ ನೋಡಿದ್ದೇನೆ. ಅದರ ಮೇಲೆ ಮಂಡಿ ನೋವು, ಅಂಗಳದಾಚೆ ಕಕ್ಕಸು. ಮಂಡಿ ಗಟ್ಟಿ ಇದ್ದಿದ್ದರೆ ಅವಸರದಲ್ಲೂ ತಲುಪುತ್ತಿದ್ದರು.

ಅದಕ್ಕೇ ಡಾಕ್ಟರ ಹತ್ತಿರ ಹೋಗುವ ಮೊದಲು 3 ದಿನ ಬರೆದಿಡಿ. ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆ ಸಾಕು. ಒಂದು ಹಳೇ ಪ್ಲಾಸ್ಟಿಕ್ ಮಗ್ ತೆಗೆದುಕೊಂಡು, ಔಷಧಿಯ 100 ಮಿಲಿ ಬಾಟಲಿಯಲ್ಲಿ ನೀರು ಅಳೆದು ಸುರಿದು, ಹೊರಗಡೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಹಾಕಿ. 100, 200, 300, 400. ಅಮ್ಮ ಅದರಲ್ಲೇ ಹೋಗಲಿ. ಎಷ್ಟು ಗಂಟೆಗೆ ಏನು ಕುಡಿದರು, ಎಷ್ಟು ಹೋಯಿತು, ಸೋರಿದ್ದರೆ ಆಗ ಏನು ಮಾಡುತ್ತಿದ್ದರು, ಇಷ್ಟು ಬರೆಯಿರಿ. ರಾತ್ರಿಯದ್ದನ್ನು ಬಿಡಬೇಡಿ. ಡಾಕ್ಟರಿಗೆ ಅಮ್ಮ ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಈ ಹಾಳೆ ಹೇಳುತ್ತದೆ.

ಅಡಿಕೆ ಚಪ್ಪರ ಅವರೇ, ಡಯಾಪರ್ ಮಾತು ಸರಿ. ಹೊರಗೆ ಹೋಗುವಂತಾದರೆ ಅದೇ ದೊಡ್ಡದು. ಆದರೆ ನೀರು ಕಡಿಮೆ ಮಾಡಿಸುವುದು ಬೇಡ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಇನ್ನೂ ಕೆರಳಿಸುತ್ತದೆ. ಮಲಬದ್ಧತೆ ಆಗುತ್ತದೆ, ಅದು ಮೂತ್ರಕೋಶವನ್ನು ಒತ್ತುತ್ತದೆ. ಉರಿಮೂತ್ರವೂ ಬರುತ್ತದೆ. ಡಾಕ್ಟರ್ ಬೇರೆ ಹೇಳಿರದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು. ಅದರಲ್ಲಿ ಜಾಸ್ತಿ ಪಾಲು ಬೆಳಿಗ್ಗೆಯಿಂದ ಸಂಜೆಯೊಳಗೆ ಮುಗಿಯಲಿ. ಕಡಿಮೆ ಮಾಡಬೇಕಾದದ್ದು ಕಾಫಿ, ಟೀ. ನಮ್ಮ ಕಡೆ ಸುಲಿತದ ರಾತ್ರಿ ಹಂಡೆಗಟ್ಟಲೆ ಕಾಫಿ ಆಗುತ್ತದೆ, ಗೊತ್ತು.

ಆ ಬಟ್ಟೆಗಳ ವಿಷಯ ಒಂದು ಮಾತು. ಒಲೆಯ ಮೇಲೆ ಹೊಗೆಯಲ್ಲಿ ಒಣಗಿದ್ದು ಮುಟ್ಟಿದರೆ ಒಣಗಿದಂತಿರುತ್ತದೆ, ಮಡಿಕೆ ಬಿಚ್ಚಿದರೆ ಒಳಗೆ ತೇವ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ತೊಡೆಸಂದಿ ಕೆಂಪಗಾಗಿ ತುರಿಕೆ, ಹುಣ್ಣು ಆಗುವುದು ಅದರಿಂದಲೇ. ಮಡಚದೆ ಒಂದೇ ಪದರ ಮಾಡಿ ಬಿಸಿಲಿಗೆ ಹಾಕಿ. ಒದ್ದೆಯಾದ ಕೂಡಲೇ ಬದಲಾಯಿಸಲಿ. ಬರೀ ನೀರಲ್ಲಿ ತೊಳೆದು ಒರೆಸಿಕೊಳ್ಳಲಿ. ಅಲ್ಲಿಗೆ ಸೋಪು, ಡೆಟಾಲ್ ಬೇಡ.

ಇನ್ನು ವ್ಯಾಯಾಮ. 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಇದರ ಬಗ್ಗೆ ಬರೆದರು. ಇವತ್ತಿಗೂ ಕೆಮ್ಮಿದರೆ ಸೋರುವವರಿಗೆ ಮೊದಲ ಚಿಕಿತ್ಸೆ ಇದೇ, ಆಪರೇಷನ್ ಅಲ್ಲ. ಅಮ್ಮ ಚಾಪೆ ಮೇಲೆ ಮಂಡಿ ಮಡಚಿ ಮಲಗಲಿ. ನಾಲ್ಕು ಜನರ ನಡುವೆ ಗಾಳಿ ಬಿಡದ ಹಾಗೆ ಹೇಗೆ ತಡೆಯುತ್ತೇವೆ, ಹಾಗೆ ಹಿಂದಿನಿಂದ ಮುಂದಕ್ಕೆ ಒಳಗೆ, ಮೇಲಕ್ಕೆ ಎಳೆದುಕೊಳ್ಳಲಿ. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಾಗಬಾರದು. ಉಸಿರು ಕಟ್ಟಬಾರದು. ನಾನು ಹೇಳಿಕೊಡುವಾಗ ಅವರ ಕೈಯನ್ನು ಅವರ ಹೊಟ್ಟೆಯ ಮೇಲೇ ಇಡಿಸುತ್ತಿದ್ದೆ. ಹೊಟ್ಟೆ ಗಟ್ಟಿಯಾದರೆ ತಪ್ಪಾಗುತ್ತಿದೆ ಎಂದು ಅವರಿಗೇ ಗೊತ್ತಾಗುತ್ತಿತ್ತು. ಉಸಿರಾಡುತ್ತಾ ಒಂದರಿಂದ ಐದು ಬಾಯಿಬಿಟ್ಟು ಎಣಿಸಲು ಹೇಳುತ್ತಿದ್ದೆ. ಎಣಿಸುವ ಬಾಯಿ ಉಸಿರು ಕಟ್ಟಲು ಬಿಡುವುದಿಲ್ಲ. ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಬಿಡಬೇಕು. ನಿಧಾನಕ್ಕೆ ಹತ್ತರವರೆಗೆ ಹೋಗಬಹುದು. ಒಂದು ಸಲಕ್ಕೆ 8ರಿಂದ 10, ದಿನಕ್ಕೆ 3 ಸಲ. ಮೂತ್ರ ಹೋಗುತ್ತಿರುವಾಗ ತಡೆದು ತಡೆದು ಅಭ್ಯಾಸ ಮಾಡಬಾರದು. ಮೂತ್ರಕೋಶ ಪೂರ್ತಿ ಖಾಲಿಯಾಗುವುದು ತಪ್ಪಿಹೋಗುತ್ತದೆ.

ಕನಿಷ್ಠ 3 ತಿಂಗಳು ಮಾಡಬೇಕು. ಒಂದು ವಾರಕ್ಕೆ ಏನೂ ಆಗಲಿಲ್ಲ ಅಂತ ಬಿಡುವವರೇ ಜಾಸ್ತಿ, ಅದೇ ನನಗೆ ಬೇಸರ. ಕೆಮ್ಮು ಬರುವ ಮುಂಚೆ, ಬುಟ್ಟಿಗೆ ಕೈ ಹಾಕುವ ಮುಂಚೆ ಮೊದಲು ಎಳೆದುಕೊಂಡು, ಆಮೇಲೆ ಕೆಮ್ಮುವುದು, ಆಮೇಲೆ ಎತ್ತುವುದು. ಇದು ರೂಢಿಯಾದರೆ ಅರ್ಧ ಗೆದ್ದ ಹಾಗೆ.

ಅವಸರಕ್ಕೂ ಇದೇ ಎಳೆತ ಉಪಯೋಗಕ್ಕೆ ಬರುತ್ತದೆ. ಒಮ್ಮೆಲೇ ಬಂದಾಗ ಓಡಬಾರದು. ನಿಂತಲ್ಲೇ ನಿಲ್ಲಬೇಕು, ಅಥವಾ ಕೂರಬೇಕು. ಪಟಪಟನೆ ನಾಲ್ಕೈದು ಸಲ ಎಳೆದು ಬಿಟ್ಟರೆ ಆ ಅವಸರ ಇಳಿಯುತ್ತದೆ. ಇಳಿದ ಮೇಲೆ ನಡೆದು ಹೋಗಲಿ. ಹಗಲಲ್ಲಿ ಗಂಟೆಗೊಮ್ಮೆ ಹೋಗುವವರು 15 ನಿಮಿಷ ಮುಂದೂಡಿ, ಅದು ಒಗ್ಗಿದ ಮೇಲೆ ಇನ್ನೊಂದು 15 ನಿಮಿಷ. ಎರಡೂವರೆ ಮೂರು ಗಂಟೆ ತಡೆಯುವಂತಾದರೆ ತೀರ್ಥಹಳ್ಳಿಯಿಂದ ಶಿವಮೊಗ್ಗದ ಬಸ್ಸು ಹೆದರಿಕೆ ಆಗುವುದಿಲ್ಲ.

ರಾತ್ರಿಗೆ ಮಂಚದ ಪಕ್ಕ ಒಂದು ಕಮೋಡ್ ಕುರ್ಚಿ ಇಡಿ. ದಯವಿಟ್ಟು ಇದೊಂದನ್ನು ನಾಳೆಯೇ ಮಾಡಿ. ಆ ಮೆಟ್ಟಿಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡ ಅಮ್ಮಂದಿರನ್ನು ನಾನು ನೋಡಿದ್ದೇನೆ.

ಬಿಪಿ ಮಾತ್ರೆಯ ಹೆಸರೇನು? ಸ್ಟ್ರಿಪ್ ನೋಡಿ ಬರೆಯಿರಿ.

ಹೊಸನಗರ ರೈತ:

ಸಿಸ್ಟರ್ ಹೇಳಿದ್ದು ಹೆಂಗಸರಿಗೆ. ಗಂಡಸರೂ ಇದನ್ನು ಓದುತ್ತಿರಬಹುದು, ಅದಕ್ಕೆ ನನ್ನದೂ ಬರೆಯುತ್ತೇನೆ. ನನಗೆ 68. ನನಗೆ ಕೆಮ್ಮಿಗೆ ಸೋರುತ್ತಿರಲಿಲ್ಲ. ಧಾರೆ ಸಣ್ಣಗಾಗಿತ್ತು, ಹೋಗಿ ಬಂದ ಮೇಲೂ ಪಂಚೆಗೆ ತೊಟ್ಟು ಬೀಳುತ್ತಿತ್ತು. ರಾತ್ರಿ ಹಾಸಿಗೆಯೂ ಒದ್ದೆ. ಆರಿದ್ರಾ ಮಳೆಯಲ್ಲಿ ನೆಗಡಿಗೆ ಮಾತ್ರೆ ನುಂಗಿ ಮಲಗಿದ್ದೆ, ಬೆಳಿಗ್ಗೆ ಪೂರ್ತಿ ಕಟ್ಟಿತು. ಹೊಟ್ಟೆ ಕೆಳಗೆ ಕಲ್ಲು. ಆ ನೋವು ವೈರಿಗೂ ಬೇಡ. ಟ್ಯೂಬ್ ಹಾಕಿದಾಗ ಒಂದು ಲೀಟರಿನ ಮೇಲೆ ಬಂತು.

ಡಾಕ್ಟರ್ ಬಿಡಿಸಿ ಹೇಳಿದರು. ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ದಾರಿ ಒತ್ತಿದೆ, ಮೂತ್ರಕೋಶ ಯಾವಾಗಲೂ ತುಂಬಿಯೇ ಇರುತ್ತದೆ, ತುಂಬಿದ್ದು ಹೊರಚೆಲ್ಲುತ್ತದೆ. ಆ ನೆಗಡಿ ಮಾತ್ರೆಗಳಲ್ಲಿ ಕೆಲವು ಮೂತ್ರದ ದಾರಿಯನ್ನು ಬಿಗಿ ಮಾಡುತ್ತವಂತೆ. ಈಗ ಆ ದಾರಿ ಸಡಿಲ ಮಾಡುವ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಆರಾಮಾಗಿದ್ದೇನೆ. ಶುರುವಿನಲ್ಲಿ ಎದ್ದರೆ ತಲೆ ತಿರುಗುತ್ತಿತ್ತು, ಅದಕ್ಕೆ ರಾತ್ರಿ ಮಲಗುವಾಗ ನುಂಗಲು ಹೇಳಿದರು. ಸೋರುತ್ತದೆ ಅಂತ ತಡೆಯುವ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತಗೊಂಡಿದ್ದರೆ ಇನ್ನೂ ಕಟ್ಟುತ್ತಿತ್ತು ಅಂದರು. ಅದಕ್ಕೆ ಅಪ್ಪಂದಿರಿಗೂ ಮಾವಂದಿರಿಗೂ ಹೇಳುತ್ತೇನೆ, ಮೂತ್ರ ಹೋದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್ ಮಾಡಿಸಿ.

ಸಾಗರದ ಸಿಸ್ಟರ್:

ಹೊಸನಗರದವರೇ, ಬರೆದದ್ದಕ್ಕೆ ತುಂಬ ಒಳ್ಳೆಯದಾಯಿತು. ಗಂಡಸರು ಪೂರ್ತಿ ಕಟ್ಟುವವರೆಗೂ ಬಾಯಿ ಬಿಡುವುದಿಲ್ಲ. ಹಳೇ ಶುಗರ್ ಇರುವವರಲ್ಲೂ ನರ ಸೋತು ಹೀಗೇ ತುಂಬಿ ಚೆಲ್ಲಬಹುದು, ಹೆಂಗಸರಿಗೂ.

ತೀರ್ಥಹಳ್ಳಿ ಮಗಳು:

ಸಿಸ್ಟರ್, ಕಮೋಡ್ ಕುರ್ಚಿ ತಂದುಕೊಟ್ಟೆ. ಅಪ್ಪ ಮೊದಲು ಮುಖ ಸಿಂಡರಿಸಿದರು. ಈಗ ರಾತ್ರಿ ಅವರೇ ಲೈಟ್ ಹಾಕಿಕೊಡುತ್ತಾರೆ.

ಬರೆದೂ ಇಟ್ಟೆವು. ಒಂದು ದಿನದ್ದು ಹಾಕುತ್ತೇನೆ. ಬೆಳಿಗ್ಗೆ 5.30ಕ್ಕೆ ಮೂತ್ರ 300 ಮಿಲಿ. ಕಾಫಿ ದೊಡ್ಡ ಲೋಟ. 6.40ಕ್ಕೆ 100. 7.15ಕ್ಕೆ ಕೆಮ್ಮಿ ಹನಿ. 8.30ಕ್ಕೆ 150. ಮತ್ತೆ ಕಾಫಿ. 10ಕ್ಕೆ ಬುಟ್ಟಿ ಎತ್ತುವಾಗ ಸ್ವಲ್ಪ. 10.15ಕ್ಕೆ 100. ಮಧ್ಯಾಹ್ನ 1ಕ್ಕೆ 150. ಸಂಜೆ 4ಕ್ಕೆ ಕಾಫಿ, 5ಕ್ಕೆ 100, ದಾರಿಯಲ್ಲೇ ಸೋರಿತು. ರಾತ್ರಿ 9ಕ್ಕೆ 100, ಸುಲಿಯುವವರ ಜೊತೆ ಕಷಾಯ ಒಂದು ಲೋಟ. ಮಲಗಿದ ಮೇಲೆ 12ಕ್ಕೆ 350, 2.30ಕ್ಕೆ 350. ಬೆಳಿಗ್ಗೆ ಎದ್ದಾಗ ಮತ್ತೆ 300. ಇಡೀ ದಿನದಲ್ಲಿ ಬರೀ ನೀರು ಎರಡೇ ಲೋಟ.

ಮಾತ್ರೆ ಎರಡು. ಒಂದು ಎನಲಾಪ್ರಿಲ್, ಇನ್ನೊಂದು ಅಮ್ಲೋಡಿಪಿನ್. ಕೆಮ್ಮು ಕಫ ಇಲ್ಲದ ಒಣಕೆಮ್ಮು. ಧೂಳಿಗೆ ಅಂದುಕೊಂಡಿದ್ದೆವು.

ಸಾಗರದ ಸಿಸ್ಟರ್:

ಈ ಹಾಳೆಯನ್ನು ಜೋಪಾನವಾಗಿಡಿ. ಇದರಲ್ಲಿ ನನಗೆ ಕಂಡದ್ದನ್ನು ಹೇಳುತ್ತೇನೆ, ತೀರ್ಮಾನ ಡಾಕ್ಟರದ್ದು.

ಎನಲಾಪ್ರಿಲ್ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಕೆಮ್ಮಿದಾಗಲೆಲ್ಲ ಸೋರುವವರಿಗೆ ಆ ಕೆಮ್ಮೇ ದೊಡ್ಡ ಶತ್ರು. ಬಿಪಿಗೆ ಕೆಮ್ಮು ಅಷ್ಟಾಗಿ ಬರಿಸದ ಬೇರೆ ಮಾತ್ರೆಗಳಿವೆ. ಲೊಸಾರ್ಟನ್, ಟೆಲ್ಮಿಸಾರ್ಟನ್ ಅಂತ ಕೇಳಿರಬಹುದು. ಆದರೆ ಡಾಕ್ಟರ್ ಹೇಳದೆ ಮಾತ್ರೆ ನಿಲ್ಲಿಸಬಾರದು, ಬದಲಾಯಿಸಲೂಬಾರದು. ಬಿಪಿ ಏರಿ ಸ್ಟ್ರೋಕ್ ಆದರೆ ಸೋರಿಕೆ ಲೆಕ್ಕಕ್ಕೇ ಇರುವುದಿಲ್ಲ.

ಎರಡನೆಯದು ರಾತ್ರಿಯದ್ದು. ಹಗಲಲ್ಲಿ 100, 150. ರಾತ್ರಿ 350. ಸೂಕ್ಷ್ಮ ಆದ ಮೂತ್ರಕೋಶ ರಾತ್ರಿ ಒಮ್ಮೆಲೇ 350 ಹಿಡಿದುಕೊಂಡಿದೆ ಅಂದರೆ ಅದಕ್ಕೆ ಹಿಡಿಯುವ ಶಕ್ತಿ ಇದೆ. ಹಗಲಿನ ಅವಸರಕ್ಕೆ ಅಭ್ಯಾಸ ಒಳ್ಳೆಯ ಫಲ ಕೊಡಬಹುದು. ರಾತ್ರಿಯ ತೊಂದರೆ ಮೂತ್ರಕೋಶದ್ದಲ್ಲ, ರಾತ್ರಿ ಮೂತ್ರವೇ ಜಾಸ್ತಿ ತಯಾರಾಗುತ್ತಿದೆ. 24 ಗಂಟೆಯ ಒಟ್ಟು ಮೂತ್ರದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ರಾತ್ರಿಯೇ ಬಂದರೆ ಯಾಕೆ ಎಂದು ಹುಡುಕಬೇಕು. ಬೆಳಿಗ್ಗೆ ಎದ್ದಾಗ ಹೋದದ್ದೂ ರಾತ್ರಿಯ ಲೆಕ್ಕಕ್ಕೇ. ಅಮ್ಮನದ್ದು ಅರ್ಧಕ್ಕಿಂತ ಜಾಸ್ತಿ ಇದೆ.

ಸಂಜೆ ಅಮ್ಮನ ಪಾದದ ಗಂಟಿನ ಹತ್ತಿರ ಬೆರಳಿನಿಂದ ಒತ್ತಿ ನೋಡಿ. ಗುಳಿ ಬಿದ್ದು ಹಾಗೇ ನಿಂತರೆ ಬಾವು ಇದೆ. ಹಗಲೆಲ್ಲ ಕಾಲು ಕೆಳಗೆ ಬಿಟ್ಟು ಕೂತು ಸುಲಿಯುವಾಗ ನೀರು ಕಾಲಿಗೆ ಇಳಿಯುತ್ತದೆ. ಮಲಗಿದಾಗ ಅದೇ ನೀರು ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಅಮ್ಲೋಡಿಪಿನ್‌ನಿಂದಲೂ ಕೆಲವರಿಗೆ ಕಾಲು ಊದುತ್ತದೆ. ಹೃದಯ, ಕಿಡ್ನಿ ತೊಂದರೆಯಲ್ಲೂ ಊದಬಹುದು, ಅದನ್ನು ಡಾಕ್ಟರ್ ನೋಡಬೇಕು. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿದರೆ ಆ ನೀರು ಹಗಲಲ್ಲೇ ಹೋಗುತ್ತದೆ. ರಾತ್ರಿ 9ರ ಕಷಾಯ ಸಂಜೆ 6ಕ್ಕೆ ಬರಲಿ.

ತೀರ್ಥಹಳ್ಳಿ ಮಗಳು:

ಒತ್ತಿ ನೋಡಿದೆ ಸಿಸ್ಟರ್. ಎರಡೂ ಕಾಲಲ್ಲಿ ಗುಳಿ ಬೀಳುತ್ತದೆ. ನಾವ್ಯಾರೂ ಗಮನಿಸಿರಲಿಲ್ಲ. ಅಮ್ಮ ಶಿವಮೊಗ್ಗಕ್ಕೆ ಬರಲು ಒಪ್ಪಿದ್ದಾರೆ. ಸ್ತ್ರೀರೋಗದವರಿಗೆ ತೋರಿಸುವುದೋ, ಮೂತ್ರದ ತೊಂದರೆ ನೋಡುವ ಯೂರಾಲಜಿಯವರಿಗೋ? ಒಳಗೆ ಪರೀಕ್ಷೆ ಮಾಡುತ್ತಾರೆ ಅಂತ ಅಮ್ಮನಿಗೆ ಹೆದರಿಕೆ. ಸ್ಕ್ಯಾನಿಗೆ ತುಂಬ ನೀರು ಕುಡಿದು ಹೋಗಬೇಕು ಅಂತಾರೆ, ತಡೆಯಲು ಆಗದಿದ್ದರೆ?

ಸಾಗರದ ಸಿಸ್ಟರ್:

ಬಿಪಿ ನೋಡುವ ಡಾಕ್ಟರಿಗೆ ಮೊದಲು ಹಾಳೆ, ಕಾಲು, ಕೆಮ್ಮು ತೋರಿಸಿ. ಆಮೇಲೆ ಸ್ತ್ರೀರೋಗ ವಿಭಾಗ. ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲೂ ಇದೆ, ನಿಮಗೆ ಗುರುತಿನ ಕಡೆಯೂ ಆಗಬಹುದು. ಲೇಡಿ ಡಾಕ್ಟರ್ ಬೇಕು ಎಂದು ಚೀಟಿ ಮಾಡಿಸುವಾಗಲೇ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ಒಳಗೆ ನೋಡುವುದು ಗರ್ಭಕೋಶ ಜಾರಿದೆಯಾ, ಚರ್ಮ ಹೇಗಿದೆ, ಸ್ನಾಯು ಎಷ್ಟು ಬಿಗಿಯುತ್ತದೆ ಎಂದು ತಿಳಿಯಲು. ಕೆಮ್ಮಿ ಎನ್ನುತ್ತಾರೆ. ಆಗ ಸೋರಿದರೆ ಅಮ್ಮ ನಾಚಿಕೆಪಡುವುದು ಬೇಡ, ಡಾಕ್ಟರಿಗೆ ಬೇಕಾದದ್ದೇ ಅದು. ನೀವು ಪಕ್ಕದಲ್ಲಿ ಕೈ ಹಿಡಿದು ನಿಲ್ಲಿ. ಜಾರಿದ್ದರೆ ಆಪರೇಷನ್ನೇ ಆಗಬೇಕು ಅಂತಿಲ್ಲ, ಯೋನಿಯೊಳಗೆ ರಿಂಗ್ ಹಾಕಿಯೂ ತಡೆಯುತ್ತಾರೆ. ಹಚ್ಚಲು ಈಸ್ಟ್ರೋಜೆನ್ ಮುಲಾಮು ಕೊಡಬಹುದು. ಅವಸರಕ್ಕೆ ಮಾತ್ರೆ ಬರೆದರೆ ಬಾಯಿ ಒಣಗುತ್ತದಾ, ಮಲಬದ್ಧತೆ ಆಗುತ್ತದಾ, ಬಿಪಿಗೆ ಹೊಂದುತ್ತದಾ ಎಂದು ಕೇಳಿ. ಅಂಥ ಕೆಲವು ಮಾತ್ರೆಗಳಿಂದ ವಯಸ್ಸಾದವರಿಗೆ ಮರೆವು, ಗಲಿಬಿಲಿಯೂ ಆಗುವುದುಂಟು.

ಮೂತ್ರ ಪರೀಕ್ಷೆ, ಶುಗರ್ ಹೊಸದಾಗಿ ಮಾಡಿಸಿ. ಮೂತ್ರದಲ್ಲಿ ರಕ್ತ ಕಂಡರೆ ನೋವಿಲ್ಲದಿದ್ದರೂ ಬಿಡಬಾರದು, ಆಗ ಯೂರಾಲಜಿಗೇ ಹೋಗಬೇಕು. ಇದ್ದಕ್ಕಿದ್ದ ಹಾಗೆ ಕಾಲಲ್ಲಿ ಶಕ್ತಿ ಹೋಗಿ, ತೊಡೆಸಂದಿ ಜೋಮು ಹಿಡಿದು, ಮಲ ಮೂತ್ರದ ಹಿಡಿತ ತಪ್ಪಿದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ. ಅಮ್ಮನಿಗೆ ಈಗ ಅಂಥದ್ದೇನೂ ಕಾಣುತ್ತಿಲ್ಲ, ಓದುವ ಬೇರೆಯವರಿಗಾಗಿ ಬರೆದೆ.

ಸ್ಕ್ಯಾನಿಗೆ ಮನೆಯಿಂದಲೇ ಹೊಟ್ಟೆ ತುಂಬ ಕುಡಿದು ಬಸ್ ಹತ್ತಿಸಬೇಡಿ. ಆಸ್ಪತ್ರೆ ತಲುಪಿ, ನಂಬರ್ ಕೇಳಿ, ಎಷ್ಟು ಹೊತ್ತಾಗುತ್ತದೆ ತಿಳಿದುಕೊಂಡು, ಆಮೇಲೆ ಕುಡಿಯಲಿ. ತಡೆಯಲು ಕಷ್ಟ ಎಂದು ಸಿಬ್ಬಂದಿಗೆ ಮೊದಲೇ ಹೇಳಿ. ತುಂಬಿದಾಗ ಒಮ್ಮೆ, ಹೋಗಿ ಬಂದ ಮೇಲೆ ಒಮ್ಮೆ ನೋಡಿ ಉಳಿದದ್ದು ಎಷ್ಟು ಅಂತ ಬರೆಯಲು ಕೇಳಿ. ಚೀಲದಲ್ಲಿ ಒಂದು ಒಣ ಸೀರೆ, ಲಂಗ, ಒಂದೆರಡು ಪ್ಯಾಡು, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಕವರ್ ಇರಲಿ. ಮಾತ್ರೆಯ ಸ್ಟ್ರಿಪ್ ಮರೆಯಬೇಡಿ. ಡಾಕ್ಟರ್ ಏನು ಬದಲಾಯಿಸಿದರು ಅಂತ ಇಲ್ಲೇ ಬರೆಯಿರಿ, ವ್ಯಾಯಾಮ ಮುಂದೆ ಹೇಗೆ ಮಾಡಿಸಬೇಕು ಅಂತ ಆಮೇಲೆ ನೋಡೋಣ.